ನಾನೆಂದೂ ಕಾಣದ ಗುತ್ತೇದಾರರಿಗೆ ಒಂದು ಬಹಿರಂಗ ಪತ್ರ

ಸನ್ಮಾನ್ಯ ಲೈಸೆನ್ಸುದಾರ ವಿದ್ಯುತ್ ಗುತ್ತೇದಾರರಿಗೆ,



ಮುದಗಲ್ಲಿನ ನನ್ನ ಹೊಸ ಮನೆಯ ವೈರಿಂಗ್ ಪೂರ್ತಿ ನೀವೇ ಮಾಡಿದ್ದೀರೆಂದು ಕಂಪ್ಲೀಷನ್ ರಿಪೋರ್ಟ್ ಹೇಳುತ್ತದೆ. ಕೆಳಗೆ ಸಹಿ, ಸೀಲು, ಲೈಸೆನ್ಸ್ ನಂಬರು ಮೂರೂ ಇವೆ. ಇಷ್ಟು ದೊಡ್ಡ ಉಪಕಾರ ಮಾಡಿಯೂ ಒಂದು ಕಪ್ ಚಹಾಕ್ಕೂ ನಿಲ್ಲದೆ ಹೋದಿರಲ್ಲ, ಅದೇ ಬೇಸರ. ನಿಲ್ಲುವುದಿರಲಿ, ನೀವು ಬಂದದ್ದನ್ನೇ ಓಣಿಯಲ್ಲಿ ಯಾರೂ ನೋಡಿಲ್ಲ. ಗೋಡೆ ಕೊರೆದವನು, ಪೈಪು ಕೂಡಿಸಿದವನು, ವೈರು ಎಳೆದವನು ಎಲ್ಲ ಒಬ್ಬನೇ ಹುಡುಗ. ಲೈಸೆನ್ಸ್ ಯಾರದಪ್ಪಾ ಎಂದರೆ, "ಸಹಿ ನಾ ತರ್ತೀನ್ರೀ ಸರ, ನೀವ್ಯಾಕ ಚಿಂತಿ ಮಾಡ್ತೀರಿ?" ಅಂದ. ತಂದೂ ತಂದ.

ವಿಚಾರಿಸಿದರೆ, ಅದೇ ಹೊತ್ತಿಗೆ ಲಿಂಗಸುಗೂರು, ಮಸ್ಕಿ, ಸಿಂಧನೂರಿನ ಮನೆಗಳಲ್ಲೂ ನಿಮ್ಮ ಕೆಲಸ ನಡೆದಿತ್ತಂತೆ. ದೇವರೊಬ್ಬನೇ ಸರ್ವವ್ಯಾಪಿ ಎಂದುಕೊಂಡಿದ್ದೆವು.

ನಿಮ್ಮ ಪರೀಕ್ಷೆಯಂತೂ ಅದ್ಭುತ. ಕರೆಂಟು ಹರಿಯುವ ವೈರಿಗೂ ನೆಲಕ್ಕೂ ನಡುವೆ ಒಂದು ನಿಮಿಷ 500 ವೋಲ್ಟ್ ಕೊಟ್ಟು ನೋಡಿದಾಗ ಇನ್ಸುಲೇಷನ್ ಕನಿಷ್ಠ 1 ಮೆಗಾಓಮ್ ತೋರಿಸಬೇಕೆಂಬುದು ನಿಯಮ. ನೀವು ಅದಕ್ಕಿಂತ ಒಳ್ಳೆಯ ಅಂಕಿಯನ್ನೇ ಬರೆದಿದ್ದೀರಿ. ಊರಿಗೇ ಬಾರದೆ ಇನ್ಸುಲೇಷನ್ ಅಳೆಯುವ ಆ ಮೆಗ್ಗರ್ ಯಂತ್ರ ಯಾವ ಕಂಪನಿಯದು, ದಯವಿಟ್ಟು ತಿಳಿಸಿ. ಅರ್ಥಿಂಗ್ ಕೂಡ "ಸಮರ್ಪಕ" ಎಂದಿದೆ. ಹಿತ್ತಲಲ್ಲಿ ಇದ್ದಿಲು, ಉಪ್ಪು ತುಂಬಿದ ಗುಂಡಿಯೇನೋ ಶಾಸ್ತ್ರೋಕ್ತವಾಗಿದೆ. ಅಡುಗೆಮನೆಯ ಮೂರು ಪಿನ್ನಿನ ಸಾಕೆಟ್ ಬಿಚ್ಚಿದರೆ ಮೇಲಿನ ದೊಡ್ಡ ತೂತಿಗೆ ಹಸಿರು ವೈರೇ ಇಲ್ಲ. ಕೆಲವು ಸ್ವಿಚ್ಚುಗಳು ಫೇಸ್ ಬಿಟ್ಟು ನ್ಯೂಟ್ರಲ್ ಕಡಿಯುತ್ತವೆ. ಹಾಗಾಗಿ ದೀಪ ಆರಿದರೂ ಹೋಲ್ಡರಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಬಲ್ಬು ಬದಲಿಸಲು ಕುರ್ಚಿ ಹತ್ತುವವರಿಗೆ ನೀವು ಕಾದಿಟ್ಟ ಕೊಡುಗೆ ಇದು.

ಹೆಸರಿನ ಮಹಿಮೆ ನೋಡಿ: ಇಲ್ಲೇ ಪಕ್ಕದ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನ ಹೆಸರಿತ್ತು. ಬೇರೆ ಶಾಸನಗಳ ದೇವಾನಾಂಪ್ರಿಯ ಎಂದರೆ ಅಶೋಕನೇ ಎಂಬುದು ಅದರಿಂದ ಖಚಿತವಾಯಿತು. ಒಂದು ಬಂಡೆಯ ಮೇಲಿನ ಒಂದು ಹೆಸರು ಎರಡು ಸಾವಿರ ವರ್ಷ ಹಿಂದಿನ ದೊರೆಯನ್ನು ಗುರುತಿಸಿಕೊಟ್ಟಿತು. ನಿಮ್ಮ ಹೆಸರು ತಾಲ್ಲೂಕಿನ ಎಷ್ಟು ಮನೆಗಳ ಕಾಗದದಲ್ಲಿದ್ದರೂ ನೀವು ಯಾರೆಂದು ಒಬ್ಬರಿಗೂ ಗೊತ್ತಿಲ್ಲ.

ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಚಿಲ್ಲರೆ ಕೆಲಸಕ್ಕಷ್ಟೇ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಲ್ಲಿ ವಿನಾಯಿತಿ. ಉಳಿದದ್ದಕ್ಕೆ ಮೂವರೂ ಬೇಕು: ಸರ್ಕಾರದ ಲೈಸೆನ್ಸ್ ಇರುವ ಗುತ್ತೇದಾರ, ಸ್ಥಳದಲ್ಲಿ ನಿಂತು ನೋಡಿಕೊಳ್ಳುವ ಅರ್ಹ ಸೂಪರ್‌ವೈಸರ್, ಪರ್ಮಿಟ್ ಪಡೆದ ವೈರ್‌ಮನ್. 1956ರ ಹಳೆಯ ವಿದ್ಯುತ್ ನಿಯಮಗಳೂ ಇದನ್ನೇ ಹೇಳಿದ್ದವು. ನಾಳೆ ಜೀವಕ್ಕೆ ಅಪಾಯವಾದರೆ 2003ರ ವಿದ್ಯುತ್ ಕಾಯ್ದೆಯ 161ನೇ ಕಲಮಿನಡಿ ವಿದ್ಯುತ್ ಪರಿವೀಕ್ಷಕರ ವಿಚಾರಣೆಗೆ ಅವಕಾಶವಿದೆ. ಆಗ ಕಾಗದದಲ್ಲಿ ಹುಡುಗನ ಹೆಸರು ಇರುವುದಿಲ್ಲ, ನಿಮ್ಮದೊಂದೇ ಇರುತ್ತದೆ. ಅವನ ಕೈ ಕೆಟ್ಟದ್ದಲ್ಲ, ಸ್ವಾಮಿ. ಜೊತೆಗೆ ನಿಂತು ಕಲಿಸಿ, ಪರ್ಮಿಟ್ ಪರೀಕ್ಷೆಗೆ ಕೂಡಿಸಿದ್ದರೆ ಅವನ ಬದುಕೂ ಹಸನಾಗುತ್ತಿತ್ತು, ಸಾಕೆಟ್ಟಿಗೆ ಹಸಿರು ವೈರೂ ಬರುತ್ತಿತ್ತು.

ಇನ್ನು ಮನೆ ಕಟ್ಟುತ್ತಿರುವ ಊರವರಲ್ಲಿ ಒಂದು ಮಾತು. ಮೊಹರಂಗೆ ನೆಂಟರು ಬರುತ್ತಾರೆ, ಅಷ್ಟರೊಳಗೆ ಮೀಟರ್ ಕೂಡಬೇಕು ಎಂಬ ಅವಸರ ಮುದಗಲ್ಲಿನಲ್ಲಿ ಇದ್ದದ್ದೇ. ಆದರೂ ಮುಂಗಡ ಕೊಡುವ ಮುನ್ನ ಲೈಸೆನ್ಸಿನ ಮೂಲಪ್ರತಿ ಕೇಳಿ. ಅವಧಿ ಮುಗಿದಿದೆಯೇ ನೋಡಿ. ನಂಬರು ಖರೆಯೋ ಸುಳ್ಳೋ ಎಂದು ವಿದ್ಯುತ್ ಪರಿವೀಕ್ಷಣಾಲಯದಲ್ಲಿ ವಿಚಾರಿಸಿ. ವೈರು ಎಳೆಯುವವನ ಪರ್ಮಿಟ್ ನೋಡಿ, ಅದರ ಫೋಟೋಕ್ಕೂ ಅವನ ಮುಖಕ್ಕೂ ತಾಳೆ ಹಾಕಿ. ಹಿಂದೆ ಅವರು ಕೆಲಸ ಮಾಡಿದ ಎರಡು ಮನೆಗೆ ಹೋಗಿ ಯಜಮಾನರನ್ನು ಮಾತಾಡಿಸಿ. ರಿಪೋರ್ಟಿಗೆ ಸಹಿ ಹಾಕುವವರು ನಿಮ್ಮ ಮನೆಯಲ್ಲಿ, ನಿಮ್ಮ ಕಣ್ಣೆದುರಿಗೆ ಮೆಗ್ಗರ್ ಹಿಡಿಯದ ಹೊರತು ಕೊನೆಯ ಕಂತು ಕೊಡಬೇಡಿ.

ಇಂತಿ,
ನಿಮ್ಮ ಸಹಿಯ ಫಲಾನುಭವಿ,
ಮುದಗಲ್