ಆವೃತ್ತ್ಯಂತರ ದತ್ತಸಂಚಯ ಕಲಹ ಮೀಮಾಂಸೆ

ಪೀಠಿಕೆ: ಹಳೆಯ ತಂತ್ರಾಂಶ ಬರೆದಿಟ್ಟದ್ದನ್ನು ಹೊಸ ತಂತ್ರಾಂಶವು ಗುರುತಿಸಲು ನಿರಾಕರಿಸುವ ವಿದ್ಯಮಾನಕ್ಕೆ ಪ್ರಸ್ತುತ ಪ್ರಬಂಧವು ‘ಆವೃತ್ತ್ಯಂತರ ಅಸಾಂಗತ್ಯ’ ಎಂಬ ಪರಿಭಾಷೆಯನ್ನು ಮಂಡಿಸುತ್ತದೆ. ಸುತ್ತೋಲೆಗಳಲ್ಲಿ ಇದರ ಹೆಸರು ‘ಉನ್ನತೀಕರಣ ಪ್ರಗತಿಯಲ್ಲಿದೆ’. ಕೌಂಟರಿನ ಈಚೆಗೆ ನಿಂತವರು ‘ಸರ್ವರ್ ಡೌನ್ ಐತಂತ’ ಅನ್ನುತ್ತಾರೆ.

ಅಧ್ಯಯನ ಕ್ಷೇತ್ರ: ಸವಣೂರನ್ನು ಆರಿಸಿಕೊಂಡದ್ದಕ್ಕೆ ಶಾಸ್ತ್ರೀಯ ಕಾರಣವಿದೆ. 1948ರವರೆಗೆ ಇಲ್ಲಿ ನವಾಬರ ಆವೃತ್ತಿ, ಬಳಿಕ ಮುಂಬಯಿ ಪ್ರಾಂತದ ಆವೃತ್ತಿ, 1956ರಲ್ಲಿ ಮೈಸೂರು, 1973ರಲ್ಲಿ ಕರ್ನಾಟಕ, 1997ರಲ್ಲಿ ಧಾರವಾಡ ಜಿಲ್ಲೆಯಿಂದ ಕಳಚಿ ಹಾವೇರಿಯಲ್ಲಿ ಸ್ಥಾಪಿಸಿದ ಪರಿಷ್ಕೃತ ಆವೃತ್ತಿ. ಇಷ್ಟೆಲ್ಲ ಅಪ್‌ಡೇಟ್ ಆದರೂ ಇಲ್ಲಿನ ಎಲೆಬಳ್ಳಿ ತೋಟಗಳು ಒಮ್ಮೆಯೂ ರೀಸ್ಟಾರ್ಟ್ ಕೇಳಲಿಲ್ಲ.

ಆಮೇಲೆ ಸರಕಾರದ ‘ಭೂಮಿ’ ಯೋಜನೆ ಬಂತು. 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು, ಅಂದರೆ ಜಮೀನಿನ ಉತಾರಗಳು, ಕಂಪ್ಯೂಟರಿಗೇರಿದವು. 15 ರೂಪಾಯಿ ಕೊಟ್ಟರೆ ಅಚ್ಚಾದ ಉತಾರ ಕೈಗೆ ಸಿಕ್ಕಿತು, ಕೈಬರಹದ ಉತಾರಕ್ಕಾಗಿ ಗ್ರಾಮಲೆಕ್ಕಿಗರ ಹಿಂದೆ ಅಲೆಯುವುದು ತಪ್ಪಿತು. ಕೆಲಸ ನಿಜಕ್ಕೂ ದೊಡ್ಡದು. ಫಜೀತಿ ಶುರುವಾದದ್ದು ಸರಕಾರದ ಒಂದು ಕಂಪ್ಯೂಟರು ಇನ್ನೊಂದನ್ನು ಮಾತಾಡಿಸಲು ಹೊರಟಾಗ.

ಅಸಾಂಗತ್ಯವು ಚತುರ್ವಿಧ:

1. ಅರ್ಕಾಪಭ್ರಂಶ. ಯೂನಿಕೋಡ್ ಪೂರ್ವಕಾಲದ ಕನ್ನಡ ಫಾಂಟುಗಳಲ್ಲಿ ಯಂತ್ರ ಕೂಡಿಟ್ಟದ್ದು ಅಕ್ಷರಗಳನ್ನಲ್ಲ, ಅಕ್ಷರದ ತುಂಡುಗಳನ್ನು. ಅರ್ಕಾವೊತ್ತಿನ ತುಂಡು ವ್ಯಂಜನ ಮುಗಿದ ಮೇಲೆ ಬರುತ್ತಿತ್ತು. ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಹಳೆಯದನ್ನು ಯೂನಿಕೋಡಿಗೆ ತರುವ ಪರಿವರ್ತಕ ಎಡವಿದರೆ ದುರ್ಗಪ್ಪ ‘ದುಗರ್ಪ್ಪ’ನಾಗುತ್ತಾನೆ. ಕರ್ನಾಟಕವೇ ‘ಕನಾರ್ಟಕ’ವಾಗುವಾಗ ದುರ್ಗಪ್ಪನದೇನು ಲೆಕ್ಕ?

2. ಬಿಂದುಭ್ರಾಂತಿ. ಟೈಪಿಸಿದವರು ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತಿದ್ದರೆ ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಮಾತ್ರ ‘ಶಂಕರಪ್ಪ’ ಮತ್ತು ‘ಶ೦ಕರಪ್ಪ’ ಬೇರೆ ಬೇರೆ ಖಾತೆದಾರರು. ಎರಡಕ್ಷರದ ನಡುವೆ ಅಡಗಿ ಕೂರುವ ಜೋಡಕ ಸಂಕೇತವೂ ಇದೇ ಪಂಗಡದ್ದು. ಅದು ಪರದೆಯ ಮೇಲೂ ಕಾಣದು, ಉತಾರದಲ್ಲೂ ಕಾಣದು, ಹುಡುಕಾಟಕ್ಕೆ ಮಾತ್ರ ಅಡ್ಡ ನಿಲ್ಲುತ್ತದೆ.

3. ನಾಮಕ್ರಮವ್ಯತ್ಯಯ. ಉತಾರದಲ್ಲಿ ಅಡ್ಡಹೆಸರು ಮೊದಲಿದ್ದರೆ ಆಧಾರ್‌ನಲ್ಲಿ ಕೊನೆಗೆ. ಒಂದರಲ್ಲಿ ‘ಬಿನ್’, ಇನ್ನೊಂದರಲ್ಲಿ ‘ತಂದೆ’. ಇಂಗ್ಲಿಷಿನಲ್ಲಿ ಒಂದು ‘ಎಚ್’ ಹೆಚ್ಚು.

4. ನಾಲ್ಕನೆಯದಕ್ಕೂ ಒಂದು ಸಂಸ್ಕೃತ ಹೆಸರು ಸಿದ್ಧವಿತ್ತು. ಬೇಡ. ಬೆಳೆ ಹಾನಿಯ ದುಡ್ಡು ಬಾರದೆ ಕೌಂಟರಿಗೆ ಬಂದ ಮುದುಕರಿಗೆ ಹೇಳುವುದು ಎಲ್ಲ ವಿಧಕ್ಕೂ ಒಂದೇ:

‘ಯಜಮಾನ್ರ, ಹೆಸರು ಮ್ಯಾಚ್ ಆಗವಲ್ದು. ಅಫಿಡವಿಟ್ ಮಾಡ್ಸ್ಕೊಂಡು ಬರ್ರಿ.’

‘ಏನಂತ ಮಾಡಸ್ಲೆಪಾ?’

‘ಅವನೂ ನಾನ, ಇವನೂ ನಾನ ಅಂತ.’

ಅದ್ವೈತ ಸಿದ್ಧಾಂತಕ್ಕೆ ಛಾಪಾ ಕಾಗದದ ಮೇಲೆ ನೋಟರಿ ಸಹಿ ಕೇಳಿದ ಮೊದಲ ಶಾಸ್ತ್ರ ನಮ್ಮದೇ ಇರಬೇಕು.

ನಗಬಹುದು. ಆದರೆ ಆ ಕಾಗದಕ್ಕೆ ದುಡ್ಡು ಬೇಕು, ಬಸ್ಸಿಗೆ ಬೇಕು, ಬರೆದುಕೊಡುವವನಿಗೆ ಬೇಕು, ಜೊತೆಗೆ ಒಂದು ದಿನದ ಕೂಲಿಯೂ ಹೋಗುತ್ತದೆ. ಎಡವಿದ್ದು ಪರಿವರ್ತಕ, ಪ್ರಮಾಣ ಮಾಡಬೇಕಾದವನು ರೈತ. ಅವನ ಹೆಸರನ್ನು ಕೆಡಿಸಿದವರೇ ಅವನಿಗೆ ‘ನೀನು ಯಾರು, ಸಾಬೀತು ಮಾಡು’ ಎನ್ನುತ್ತಾರೆ. ಇದಕ್ಕೆ ತಾಂತ್ರಿಕ ದೋಷವೆಂದು ಹೆಸರಿಡುವುದು ಬರೀ ನಾಚಿಕೆಗೇಡು.

ಪರಿಹಾರವೇನು ಗುಟ್ಟಿನದಲ್ಲ. ಪರಿವರ್ತಿಸುವ ಮುಂಚೆ ಹಳೆಯ ದತ್ತಾಂಶದ ಪ್ರತಿ ತೆಗೆದಿಡಬೇಕು. ಮೊದಲು ಒಂದೇ ಹೋಬಳಿಯ ಮೇಲೆ ಪ್ರಯೋಗಿಸಿ, ಹಳೆಯದು ಹೊಸದು ಎರಡನ್ನೂ ಪಕ್ಕಪಕ್ಕ ಇಟ್ಟು ಕನ್ನಡ ಬಲ್ಲವರಿಂದ ಓದಿಸಬೇಕು. ಒಂದೇ ಅಕ್ಷರದ ಹಲವು ಸಂಕೇತರೂಪಗಳನ್ನು ಒಂದೇ ರೂಪಕ್ಕೆ ತಂದ ಮೇಲಷ್ಟೇ ಹೋಲಿಸಬೇಕು. ಎರಡು ದಾಖಲೆಗಳನ್ನು ಕೂಡಿಸಲು ಹೆಸರನ್ನು ನೆಚ್ಚದೆ ಸಂಖ್ಯೆಯನ್ನು ನೆಚ್ಚಬೇಕು. ರೈತರನ್ನು ನೋಂದಾಯಿಸುವ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ ಹುಟ್ಟಿದ್ದೇ ರೈತನಿಗೆ ಒಂದು ಸಂಖ್ಯೆ ಇರಲೆಂದು. ಆದರೆ ಆ ಸಂಖ್ಯೆಗೆ ಹೊಲ ಜೋಡಿಸುವಾಗಲೂ ಹೆಸರಿನ ತಾಳೆಯೇ ಬಾಗಿಲಲ್ಲಿ ನಿಂತಿರುತ್ತದೆ.

ಉಪಸಂಹಾರ: ಎರಡು ಹೆಸರು ತಾಳೆಯಾಗದಿದ್ದಾಗ ಮೊದಲು ಯಂತ್ರದ ಮೇಲೆ ಅನುಮಾನಪಡಿ. ಮುದುಕರನ್ನು ಮನೆಗೆ ಕಳಿಸಿ, ಹಳೆಯ ಪಹಣಿಯನ್ನು ಕಚೇರಿಯವರೇ ತೆಗೆದು ನೋಡಿ. ತಿದ್ದುಪಡಿಯ ಖರ್ಚು ಕಚೇರಿಯ ಲೆಕ್ಕದಲ್ಲೇ ಬೀಳಲಿ. ಮುಂದಿನ ಆವೃತ್ತಿಯನ್ನು ಬಿಡುವ ಮುನ್ನ ಎಚ್ಚರ ತಾನಾಗಿ ಬರುತ್ತದೆ.