ಕೊಪ್ಪೆ, ಟವೆಲು ಮತ್ತು ತಾಪತ್ರಯ: ಹಾಸನ ಸೀಮೆಯ ವಸ್ತ್ರಮೀಮಾಂಸೆ

ಪೀಠಿಕೆ

ಏನು ಉಡಬೇಕು, ಯಾವಾಗ ಉಡಬೇಕು, ಯಾವುದರ ಜೊತೆಗೆ ಯಾವುದು ಒಪ್ಪುತ್ತದೆ ಎಂದು ಹೇಳುವ ಶಾಸ್ತ್ರಗಳಿಗೆ ಲೋಕದಲ್ಲಿ ಬರವಿಲ್ಲ. ಚಳಿಗೆ ಉಣ್ಣೆ, ಸೆಕೆಗೆ ಹತ್ತಿ, ಕುಳ್ಳಗಿರುವವರಿಗೆ ಉದ್ದಗೀಟು, ದಪ್ಪಗಿರುವವರಿಗೆ ಕಡುಬಣ್ಣ ಎಂದು ಅವು ವಿಧಿಸುತ್ತವೆ. ಆದರೆ ಆ ಶಾಸ್ತ್ರಕಾರರಲ್ಲಿ ಒಬ್ಬರಾದರೂ ಆಷಾಢದ ಬೆಳಿಗ್ಗೆ ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದಲ್ಲಿ ಬಸ್ಸು ಹತ್ತಿ ಮಧ್ಯಾಹ್ನ ಚನ್ನರಾಯಪಟ್ಟಣದಲ್ಲಿ ಇಳಿದವರಲ್ಲ. ಹತ್ತುವಾಗ ಬಿಡದ ಸೋನೆ. ಹಾಸನದಲ್ಲಿ ಬಸ್ಸು ಬದಲಿಸುವಾಗ ಕಿವಿ ಕೊರೆಯುವ ಗಾಳಿ. ಇಳಿಯುವಾಗ ತೆಂಗಿನ ತೋಟಗಳ ಮೇಲೆ ಸುಡುಬಿಸಿಲು. ಘಟ್ಟದ ಅಂಚಿನ ಸಕಲೇಶಪುರದ ಕಡೆ ವರ್ಷಕ್ಕೆ 2000 ಮಿಲಿಮೀಟರ್ ದಾಟುವ ಮಳೆ, ಪೂರ್ವಕ್ಕೆ ಬರುಬರುತ್ತ ಸೊರಗಿ ಚನ್ನರಾಯಪಟ್ಟಣದಲ್ಲಿ 700ರ ಆಸುಪಾಸಿಗೆ ಇಳಿಯುತ್ತದೆ. ಜಿಲ್ಲೆ ಒಂದೇ, ದಿನ ಒಂದೇ, ಮೈಮೇಲಿನ ಶರ್ಟೂ ಒಂದೇ. ಈ ಸಂಕಟದ ಪರಿಹಾರಾರ್ಥವಾಗಿ ಪ್ರಸ್ತುತ ಪ್ರಬಂಧ ಹೊರಟಿದೆ.

ಶಾಸ್ತ್ರ ಬರೆಯುವವರು ಮೊದಲಿಗೆ ನಾಲ್ಕು ಸಂಗತಿ ಹೇಳಬೇಕೆಂಬುದು ಸಂಪ್ರದಾಯ. ವಿಷಯ: ಬಟ್ಟೆ. ಪ್ರಯೋಜನ: ಮಾನ. ಸಂಬಂಧ: ಹೆಣ್ಣು ಕೊಟ್ಟವರು, ತಂದವರು, ಮತ್ತು ಇಬ್ಬರ ಕಡೆಯ ದೊಡ್ಡಮ್ಮಂದಿರು. ಅಧಿಕಾರಿ, ಅಂದರೆ ಇದನ್ನು ಓದಲು ಯೋಗ್ಯನಾದವನು: ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕರಲ್ಲಿ ಯಾವುದಾದರೊಂದು ಬಸ್ ನಿಲ್ದಾಣದಲ್ಲಿ ಒಮ್ಮೆಯಾದರೂ ಕೊಡೆಯಿಲ್ಲದೆ ನೆನೆದವನು.

ಮೊದಲ ಪ್ರಕರಣ: ತಾಪ ನಿರ್ಣಯ

ಮನುಷ್ಯನಿಗೆ ತಾಪ ಮೂರು ಬಗೆ. ಮೇಲಿನಿಂದ ಬರುವ ಮಳೆ, ಚಳಿ, ಬಿಸಿಲು ಆಧಿದೈವಿಕ. ಕೆಳಗಿನಿಂದ ಹತ್ತುವ ಜಿಗಣೆ, ಮುಳ್ಳು, ಹೊಗೆಸೊಪ್ಪಿನ ಅಂಟು ಆಧಿಭೌತಿಕ. ಮೂರನೆಯದು ಆಧ್ಯಾತ್ಮಿಕ, ಅದು ಒಳಗೇ ಹುಟ್ಟಿ ಒಳಗೇ ಸುಡುತ್ತದೆ. ಇದರ ಲಕ್ಷಣವನ್ನು ನಮ್ಮ ಸೀಮೆಯ ಹಿರಿಯರು ಎರಡೇ ಮಾತಿನಲ್ಲಿ ಹೇಳಿದ್ದಾರೆ: ‘ನೋಡ್ದೋರು ಏನಂತಾರೆ?’

ಇಲ್ಲಿಂದ ನಮ್ಮ ಮೂಲಸೂತ್ರ ಹೊರಡುತ್ತದೆ: ಮೈಗೆ ಬೇಕಾದ್ದು ಬಿಟ್ಟಿ, ಬಾಯಿಗೆ ಬೇಕಾದ್ದು ದುಬಾರಿ. ವೃತ್ತಿ: ಬಾಯಿ ಎಂದರೆ ಉಟ್ಟವನ ಬಾಯಿಯಲ್ಲ, ಊರಿನದು. ಮೊದಲೆರಡು ತಾಪಗಳಿಂದ ಕಾಯುವ ಬಟ್ಟೆಗೆ ಈ ಸೀಮೆಯವನು ಕಾಸು ಬಿಚ್ಚುವುದಿಲ್ಲ. ಮೂರನೆಯದರಿಂದ ಕಾಯುವ ಬಟ್ಟೆಗೆ ಸಾಲವನ್ನಾದರೂ ಮಾಡುತ್ತಾನೆ. ಇದರ ಸಾಧನೆಗೆ ಪ್ರಮಾಣಗಳನ್ನು ಒಂದೊಂದಾಗಿ ಮಂಡಿಸಲಾಗುವುದು.

ಎರಡನೆಯ ಪ್ರಕರಣ: ಕೊಪ್ಪೆಯ ಅವತಾರಗಳು

ಕೊಪ್ಪೆಯೆಂದರೆ ಮಳೆಯಲ್ಲಿ ತಲೆ, ಬೆನ್ನುಗಳನ್ನು ಮುಚ್ಚುವ ಹೊದಿಕೆ. ಅದರ ಮೊದಲ ಅವತಾರ ಕಂಬಳಿ. ಹಾಸನದ ಹೆಸರಿನಲ್ಲೇ ಒಂದು ಕುರಿತಳಿ ಇದೆ. ಅದರ ಉಣ್ಣೆ ಒರಟು. ಒರಟು ಉಣ್ಣೆಯ ಕಂಬಳಿ ಚುಚ್ಚುತ್ತದೆ, ನಿಜ. ಆದರೆ ಮೇಲೆಲ್ಲ ತೊಯ್ದರೂ ಒಳಗಿನ ಬಿಸುಪನ್ನು ಬಿಟ್ಟುಕೊಡುವುದಿಲ್ಲ. ಎರಡನೆಯ ಅವತಾರ ಗೊರಬು: ಬಿದಿರಿನ ಸೀಳು ಹೆಣೆದು, ನಡುವೆ ಎಲೆ ಹಾಸಿ, ತಲೆಯಿಂದ ಸೊಂಟದವರೆಗೆ ಬೆನ್ನನ್ನು ಮುಚ್ಚುವ ಚಿಪ್ಪು. ಇದನ್ನು ಕಂಡು ನಗುವ ಪೇಟೆಯವರು ಒಂದು ಸರಳ ಸತ್ಯ ಗಮನಿಸಬೇಕು. ಕೊಡೆ ಒಂದು ಕೈಯನ್ನು ಬಾಡಿಗೆ ಕೇಳುತ್ತದೆ. ನಾಟಿ ಎರಡು ಕೈಯನ್ನೂ ಕೇಳುತ್ತದೆ. ಬಗ್ಗಿದ ಬೆನ್ನಿಗೆ ಹೊಂದುವ, ಎರಡೂ ಕೈ ಬಿಡುವಾಗಿಡುವ ಮಳೆಯುಡುಗೆಯನ್ನು ಕಂಡುಹಿಡಿದವನಿಗೆ ಯಾವ ವಿಶ್ವವಿದ್ಯಾಲಯವೂ ಗೌರವ ಡಾಕ್ಟರೇಟು ಕೊಡಲಿಲ್ಲ.

ಮೂರನೆಯ ಅವತಾರ ಗೋಣಿ. ಗೋಣಿಯ ಒಂದು ಮೂಲೆಯನ್ನು ಒಳಕ್ಕೆ ದೂಡಿ ಇನ್ನೊಂದು ಮೂಲೆಗೆ ಸೇರಿಸಿದರೆ ತಲೆಗೆ ಚುಂಗು, ಬೆನ್ನಿಗೆ ಹೊದಿಕೆ ಎರಡೂ ಸಿದ್ಧ. ಹಾಸನ ಆಲೂಗೆಡ್ಡೆಯ ಜಿಲ್ಲೆ. ಬಿತ್ತನೆಯ ಗೆಡ್ಡೆ ಪಂಜಾಬಿನ ಜಲಂಧರದಿಂದ ಮೂಟೆಗಳಲ್ಲಿ ಹಾಸನದ ಎಪಿಎಂಸಿಗೆ ಬಂದಿಳಿಯುತ್ತದೆ. ಗೆಡ್ಡೆ ಭೂಮಿಗೆ ಹೋಗುತ್ತದೆ, ಗೋಣಿ ತಲೆಗೆ ಏರುತ್ತದೆ. ದೂರದ ದೇಶದ ಬ್ರ್ಯಾಂಡನ್ನು ಎದೆಯ ಮೇಲೆ ಮೆರೆಸುವುದು ಫ್ಯಾಷನ್ ಎನ್ನುವವರು, ಐದು ನದಿಗಳ ನಾಡಿನ ಗೋಣಿಯನ್ನು ಬೆನ್ನ ಮೇಲೆ ಹೊತ್ತು ಕಳೆ ಕಿತ್ತವರನ್ನು ಏನೆಂದು ಕರೆಯುತ್ತಾರೋ ನೋಡಬೇಕು.

ಈಗ ನಡೆಯುತ್ತಿರುವುದು ನಾಲ್ಕನೆಯ ಅವತಾರ: ಯೂರಿಯಾ ಚೀಲ. ನೀರು ಇಂಗದು, ತೂಕವಿಲ್ಲ, ಒದರಿದರೆ ಒಣಗುತ್ತದೆ. 2015ರಲ್ಲಿ ಸರ್ಕಾರ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪ ಕಡ್ಡಾಯ ಮಾಡಿತು. 2018ರಲ್ಲಿ 50 ಕಿಲೋ ಚೀಲವನ್ನು 45 ಕಿಲೋಗೆ ಇಳಿಸಿತು. ರೈತರು ಎಣಿಸಿ ಹಾಕುವುದು ಚೀಲವನ್ನೇ ಹೊರತು ಕಿಲೋವನ್ನಲ್ಲ, ಆದ್ದರಿಂದ ಚೀಲ ಚಿಕ್ಕದಾದರೆ ಗೊಬ್ಬರದ ಬಳಕೆ ತಗ್ಗೀತು ಎಂಬುದು ಲೆಕ್ಕಾಚಾರ. ಮಣ್ಣಿಗೆ, ಖಜಾನೆಗೆ ಇದರಿಂದ ಆಗುವ ಲಾಭನಷ್ಟವನ್ನು ಕೃಷಿತಜ್ಞರೂ ಅರ್ಥತಜ್ಞರೂ ಚರ್ಚಿಸಿದ್ದಾರೆ. ಕೊಪ್ಪೆಯ ಅಳತೆ 5 ಕಿಲೋದಷ್ಟು ಮೊಟಕಾಗಿ ಎತ್ತರದ ಆಳಿನ ಸೊಂಟ ಮಳೆಗೆ ಬಿದ್ದ ವಿಚಾರ ಮಾತ್ರ ಯಾವ ವರದಿಯಲ್ಲೂ ಇಲ್ಲ. ಬೇವಿನ ಲೇಪದಿಂದ ಕೊಪ್ಪೆಗೆ ಸೊಳ್ಳೆ ಹತ್ತುವುದಿಲ್ಲವೆಂಬ ವಾದವೂ ಉಂಟು. ಸೊಳ್ಳೆಗಳು ಅದನ್ನು ಒಪ್ಪಿಲ್ಲ.

ಗಮನಿಸಿ: ನಾಲ್ಕೂ ಅವತಾರಗಳಲ್ಲಿ ಹಣ ಕೊಟ್ಟು ಕೊಳ್ಳಬೇಕಾದದ್ದು ಕಂಬಳಿಯೊಂದೇ. ಮೊದಲು ಮರೆಯಾಗುತ್ತಿರುವುದೂ ಅದೇ.

ಮೂರನೆಯ ಪ್ರಕರಣ: ಹೆಗಲವಸ್ತ್ರ

ಟವೆಲು ಉಡುಪೋ ಉಪಕರಣವೋ ಎಂಬ ವಿವಾದ ಇನ್ನೂ ಬಗೆಹರಿದಿಲ್ಲ. ತಲೆಗೆ ಸುತ್ತಿದರೆ ಪೇಟ, ಸೊಂಟಕ್ಕೆ ಕಟ್ಟಿದರೆ ಪಟ್ಟಿ, ಕಟ್ಟೆಯ ಮೇಲೆ ಹಾಸಿದರೆ ಆಸನ, ಸುರುಳಿ ಸುತ್ತಿದರೆ ಹೊರೆಯಡಿಯ ಸಿಂಬೆ, ಗಂಟು ಹಾಕಿದರೆ ಸಂತೆಯ ಚೀಲ. ಬಸ್ಸಿನ ಕಿಟಕಿಯಿಂದ ಒಳಗೆಸೆದರೆ ಸೀಟಿನ ಮೇಲೆ ಹಕ್ಕು ಸ್ಥಾಪನೆಯಾಗುತ್ತದೆ. ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ ಈ ಹಕ್ಕಿಗೆ ಇರುವ ಮಾನ್ಯತೆ ನೋಂದಾಯಿತ ಕ್ರಯಪತ್ರಕ್ಕೂ ಇಲ್ಲ. 2020ರಲ್ಲಿ ಜಗತ್ತೆಲ್ಲ ಮಾಸ್ಕಿಗಾಗಿ ಅಂಗಡಿ ಅಂಗಡಿ ಅಲೆಯುತ್ತಿದ್ದಾಗ ಈ ಸೀಮೆಯವನು ಹೆಗಲ ಮೇಲಿನದನ್ನು ಒಂದು ಗೇಣು ಮೇಲಕ್ಕೆ ಎಳೆದುಕೊಂಡ, ಅಷ್ಟೇ.

ಆದರೆ ಇಷ್ಟಕ್ಕೆ ನಿಂತಿದ್ದರೆ ಟವೆಲು ಕೊಪ್ಪೆಯ ಜಾತಿಗೇ ಸೇರುತ್ತಿತ್ತು. ಅದರ ಮಹಿಮೆ ಇರುವುದು ಮೂರನೆಯ ತಾಪವನ್ನು ತಡೆಯುವುದರಲ್ಲಿ. ಬರಿಹೆಗಲಿನಲ್ಲಿ ಪಂಚಾಯ್ತಿ ಕಟ್ಟೆಗೆ ಹೋದವನ ಮಾತು ತೂಗುವುದಿಲ್ಲ. ರೈತ ಸಂಘ 1980ರಲ್ಲಿ ಹುಟ್ಟಿದ ಮೇಲೆ ಹಸಿರು ಟವೆಲು ಹೆಗಲಿಗೇರಿತು. ಬೇರೆ ಬಣ್ಣದ ಟವೆಲಿಗೆ ‘ನಾಳೆ ಬಾ’ ಎನ್ನುತ್ತಿದ್ದ ಕಚೇರಿ, ಹಸಿರಿಗೆ ‘ಕೂತ್ಕೊಳಿ’ ಎನ್ನಲು ಕಲಿಯಿತು. ಬಟ್ಟೆ ಅಷ್ಟೇ ಅಗಲ, ನೇಯ್ಗೆ ಅದೇ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ 1933ರಲ್ಲಿ ಹುಟ್ಟಿದ ಎಚ್.ಡಿ. ದೇವೇಗೌಡರು 1996ರ ಜೂನ್ 1ರಂದು ಪ್ರಧಾನಿಯಾದರು. ಪಂಚೆ, ಜುಬ್ಬ, ಹೆಗಲವಸ್ತ್ರ ದೆಹಲಿಗೂ ಜೊತೆಯಲ್ಲೇ ಹೋದವು. ಅವರ ರಾಜಕೀಯವನ್ನು ಒಪ್ಪುವವರೂ ಒಪ್ಪದವರೂ ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆ ಉಡುಗೆಯ ವಿಷಯದಲ್ಲಿ ಮಾತ್ರ ಜಿಲ್ಲೆಯಲ್ಲಿ ವಿರೋಧ ಪಕ್ಷವಿಲ್ಲ.

ನಾಲ್ಕನೆಯ ಪ್ರಕರಣ: ಶರ್ಟಿನ ಆಶ್ರಮಧರ್ಮ

ಶರ್ಟಿಗೂ ನಾಲ್ಕು ಆಶ್ರಮಗಳಿವೆ. ಮುಯ್ಯಿಯಾಗಿ ಬಂದು, ಗುಂಡುಪಿನ್ನು ರಟ್ಟುಗಳ ಸಮೇತ ಬೀರುವಿನಲ್ಲಿ ‘ಯಾವುದಾದ್ರೂ ಮದ್ವೆಗೆ ಇರ್ಲಿ’ ಎಂದು ನುಸಿಗುಳಿಗೆಯ ವಾಸನೆ ಸೇವಿಸುತ್ತ ಇರುವ ಕಾಲ ಬ್ರಹ್ಮಚರ್ಯ. ಮದುವೆ, ಬ್ಯಾಂಕು, ತಾಲ್ಲೂಕು ಕಚೇರಿ, ಆಸ್ಪತ್ರೆ ಸುತ್ತುವ ಕಾಲ ಗಾರ್ಹಸ್ಥ್ಯ. ಕಾಲರು ಹರಿದ ಮೇಲೆ ಹೊಲಕ್ಕೆ ಹೊರಡುವುದು ವಾನಪ್ರಸ್ಥ. ಈ ಘಟ್ಟದಲ್ಲಿ ಅದು ಯಜಮಾನನನ್ನು ಬಿಟ್ಟು ಯಜಮಾನಿಯನ್ನು ಸೇರುತ್ತದೆ. ಅರಕಲಗೂಡಿನ ಕಡೆ ಹೊಗೆಸೊಪ್ಪು ಮುರಿಯುವ ಹೆಂಗಸರನ್ನು ನೋಡಿ: ಸೀರೆಯ ಮೇಲೆ ಗಂಡನ ತುಂಬುತೋಳಿನ ಹಳೆಯ ಶರ್ಟು, ತಲೆಗೆ ಟವೆಲು. ಎಲೆಯ ಅಂಟು ಕೈಗೆ ಮೆತ್ತಿದರೆ ಸೋಪಿಗೂ ಬಿಡದು. ರಾಮನಾಥಪುರದ ಹರಾಜು ಕಟ್ಟೆಯಲ್ಲಿ ಆ ಸೊಪ್ಪಿಗೆ ದರ್ಜೆ ಹಾಕುವವರುಂಟು. ಬಿಸಿಲು, ಅಂಟು, ಹುಳು ಮೂರನ್ನೂ ತಡೆದ ಆ ಶರ್ಟಿಗೆ ದರ್ಜೆ ಕೊಟ್ಟವರಿಲ್ಲ.

ಕೊನೆಗೆ ಸಂನ್ಯಾಸ: ಬೆದರುಬೊಂಬೆಯ ಮೈಮೇಲೆ, ಎರಡೂ ತೋಳು ಚಾಚಿ, ಯಾರು ಏನೆಂದರೂ ಲೆಕ್ಕಿಸದೆ ಹೊಲದಲ್ಲಿ ನಿಲ್ಲುವುದು. ಶರ್ಟು ಮೂರನೆಯ ತಾಪವನ್ನು ಗೆಲ್ಲುವುದು ಇಲ್ಲಿ ಮಾತ್ರ. ತೊಟ್ಟಿದ್ದವನು ಇನ್ನೂ ಗೆದ್ದಿರುವುದಿಲ್ಲ.

ಐದನೆಯ ಪ್ರಕರಣ: ಸೀರೆ, ಸ್ವೆಟರು ಮತ್ತು ಸಾಕ್ಷಿ

ಸೀರೆಯ ಆಯುಸ್ಸು ನೂಲಿನ ಗಟ್ಟಿತನವನ್ನು ಅವಲಂಬಿಸಿಲ್ಲ. ನೋಡಿದವರ ಜ್ಞಾಪಕಶಕ್ತಿಯನ್ನು ಅವಲಂಬಿಸಿದೆ. ಇದಕ್ಕೆ ನಮ್ಮ ಎಷ್ಟೋ ಮನೆಗಳಲ್ಲಿ ಕೇಳಿಬರುವ ಸಂವಾದವೇ ಪ್ರಮಾಣ.

‘ಈ ಸೀರೆಗೇನಾಗಿದೆ? ಚೆನ್ನಾಗೇ ಇದೆಯಲ್ಲ, ಉಟ್ಕೋ.’

‘ಹೊಳೆನರಸೀಪುರದ ಮದ್ವೇಲಿ ಇದನ್ನೇ ಉಟ್ಟಿದ್ದೆ ಕಣ್ರೀ.’

‘ಅದು ಹೊಳೆನರಸೀಪುರ. ಇದು ಅರಕಲಗೂಡು.’

‘ಎರಡು ಕಡೆಗೂ ಬರೋದು ನಿಮ್ಮ ದೊಡ್ಡಮ್ಮಾನೇ ಅಲ್ವಾ?’

ಗಂಡ ನಿರುತ್ತರ. ತರ್ಕಶಾಸ್ತ್ರದಲ್ಲಿ ಇದಕ್ಕೆ ಪ್ರತ್ಯಕ್ಷಸಾಕ್ಷಿ ಪ್ರಮಾಣವೆನ್ನಬಹುದು. ಹಿಂದೆ ಸಾಕ್ಷಿಗೆ ಮರೆವು ಎಂಬ ದಯೆಯಿತ್ತು. ಈಗ ಮೊಬೈಲಿನಲ್ಲಿ ಫೋಟೊ ಇದೆ.

ಇನ್ನೂ ಬಲವಾದ ಪ್ರಮಾಣ ಹಾಸನಾಂಬೆಯ ಸನ್ನಿಧಿಯಲ್ಲಿ ಸಿಗುತ್ತದೆ. ಗುಡಿಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಆಶ್ವಯುಜದ ಹುಣ್ಣಿಮೆ ಕಳೆದ ಗುರುವಾರ. ದೀಪಾವಳಿ ಮುಗಿಯುವಷ್ಟರಲ್ಲಿ ಮತ್ತೆ ಮುಚ್ಚುತ್ತದೆ. ಆದ್ದರಿಂದ ನಸುಕಿನಲ್ಲೇ ಸಾಲು. ಸಮುದ್ರಮಟ್ಟದಿಂದ 3000 ಅಡಿಗೂ ಮೇಲಿರುವ ಊರಿನ ನಸುಕು, ಬರಿಗಾಲು, ಮೈಮೇಲೆ ರೇಷ್ಮೆ ಸೀರೆ. ಚೀಲದಲ್ಲಿ ಸ್ವೆಟರ್ ಇದೆ. ಹಾಕಿಕೊಂಡರೆ ಚಳಿ ಹೋಗುತ್ತದೆ. ಸೀರೆಯ ಸೆರಗೂ ಹೋಗುತ್ತದೆ. ಹಲ್ಲು ಕಟಕಟಿಸುತ್ತ, ಸ್ವೆಟರ್ ತುಂಬಿದ ಚೀಲ ಹಿಡಿದು ನಿಂತ ಆ ಸಾಲು, ಆಧ್ಯಾತ್ಮಿಕ ತಾಪವು ಆಧಿದೈವಿಕಕ್ಕಿಂತ ಬಲವತ್ತರ ಎಂಬುದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಧಿಸುತ್ತದೆ. ದೊಡ್ಡಮ್ಮ ಸಾಲಿನಲ್ಲಿ ಎರಡು ಮಾರು ಮುಂದೆಯೇ ಇದ್ದಾರೆ.

ಆರನೆಯ ಪ್ರಕರಣ: ಶಿರಸ್ತ್ರಾಣ

ಮಂಕಿ ಕ್ಯಾಪು ಹಾಸನದ ಧನುರ್ಮಾಸದ ರಾಜಮುದ್ರೆ. ಬೆಳಿಗ್ಗೆ ಮಹಾರಾಜ ಪಾರ್ಕಿನಲ್ಲಿ ಸುತ್ತುವವರಲ್ಲಿ ಯಾರು ಮೇಷ್ಟ್ರು, ಯಾರು ಮ್ಯಾನೇಜರು, ಯಾರು ಕಂಟ್ರಾಕ್ಟರು ಎಂಬುದು ತಿಳಿಯದು. ಕಿವಿ, ಗಂಟಲು, ಅಂತಸ್ತು ಮೂರನ್ನೂ ಒಟ್ಟಿಗೆ ಮುಚ್ಚುವ ಈ ಟೋಪಿ ಮೂರನೆಯ ತಾಪಕ್ಕೂ ಮದ್ದೆಂದು ಕೆಲವರು ವಾದಿಸುತ್ತಾರೆ, ಏಕೆಂದರೆ ಸಾಲ ಕೊಟ್ಟವರು ಗುರುತು ಹಿಡಿಯುವುದಿಲ್ಲ. ಈ ವಾದ ನಿಲ್ಲದು. ಹಾಸನದಲ್ಲಿ ಜನರನ್ನು ಗುರುತಿಸುವುದು ನಡಿಗೆಯಿಂದ.

ಇನ್ನು ಹೆಲ್ಮೆಟ್ಟು. 2016ರ ಜನವರಿಯಿಂದ ರಾಜ್ಯದಲ್ಲಿ ಹಿಂದೆ ಕೂತವರಿಗೂ ಅದು ಕಡ್ಡಾಯ. ನಮ್ಮ ಸೀಮೆಯಲ್ಲಿ ಅದರ ಸ್ವಸ್ಥಾನ ಪೆಟ್ರೋಲ್ ಟ್ಯಾಂಕು; ಕೆಲವರಲ್ಲಿ ಮೊಣಕೈ. ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಖಾಕಿ ಬಣ್ಣ ಕಂಡ ಕ್ಷಣ ಅದು ತಲೆಗೇರುತ್ತದೆ, ಕಣ್ಮರೆಯಾದ ಕ್ಷಣ ಇಳಿಯುತ್ತದೆ. ಅಂದರೆ ತಲೆಬುರುಡೆಯನ್ನು ಕಾಯಬೇಕಾದ ವಸ್ತುವೂ ‘ನೋಡ್ದೋರು ಏನಂತಾರೆ’ ಎಂಬ ಖಾತೆಗೇ ಜಮೆಯಾಗಿದೆ. ಉಳಿದ ಪ್ರಕರಣಗಳಲ್ಲಿ ಮೂರನೆಯ ತಾಪ ತಿನ್ನುವುದು ದುಡ್ಡನ್ನು. ಇಲ್ಲಿ ಮಾತ್ರ ಅದು ಮನೆಯ ಮಗನನ್ನೇ ತಿನ್ನುತ್ತದೆ. ಈ ಒಂದು ಸೂತ್ರಕ್ಕೆ ಶಾಸ್ತ್ರಕಾರ ನಗುತ್ತ ವೃತ್ತಿ ಬರೆಯಲಾರ.

ಏಳನೆಯ ಪ್ರಕರಣ: ಆಕ್ಷೇಪ, ಸಮಾಧಾನ

ಮೊದಲ ಆಕ್ಷೇಪ ಬೆಂಗಳೂರಿನಲ್ಲಿ ಕೆಲಸ ಮಾಡುವ ಅಳಿಯಂದಿರದು. ‘ಮಾವ, ಹಿಮಾಲಯದಲ್ಲೂ ನೀರು ಇಳಿಯದ ಜಾಕೆಟ್ ಇದು. ಒಂದು ಕೊಂಡುಬಿಟ್ರೆ ಮಳೆ, ಚಳಿ ಎರಡೂ ಮುಗೀತು. ಕೊಪ್ಪೆ ಯಾಕೆ?’ ಸಮಾಧಾನ: ಆ ಜಾಕೆಟ್ ತೊಟ್ಟು ಕೊಣನೂರು ಸಂತೆಯಲ್ಲಿ ಒಂದು ಸುತ್ತು ಬಾ ಅಳಿಯ. ನಾಲ್ಕು ಜನ ‘ಯಾಕಪ್ಪಾ, ಹುಷಾರಿಲ್ವಾ?’ ಎನ್ನುತ್ತಾರೆ, ಮಿಕ್ಕವರು ‘ಎಷ್ಟಾಯ್ತು?’ ಎನ್ನುತ್ತಾರೆ. ಈ ಎರಡು ಪ್ರಶ್ನೆಗಳನ್ನು ತಡೆಯುವ ಜಾಕೆಟ್ಟನ್ನು ಯಾವ ಕಂಪನಿಯೂ ಇನ್ನೂ ಹೊಲಿದಿಲ್ಲ.

ಎರಡನೆಯ ಆಕ್ಷೇಪ ಗಹನವಾದದ್ದು. ಮೂರನೆಯ ತಾಪವನ್ನು ಬೇರುಸಹಿತ ಕಿತ್ತವನಿಗೆ ಬಟ್ಟೆ ಯಾಕೆ ಬೇಕು? ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಚಾವುಂಡರಾಯ ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನಿಲ್ಲಿಸಿದ 58 ಅಡಿಯ ಗೊಮ್ಮಟ, ಸಾವಿರ ಮಳೆಗಾಲಗಳನ್ನು ಕೈಕಾಲಿಗೆ ಹಬ್ಬಿದ ಬಳ್ಳಿಯೊಂದರಲ್ಲೇ ಕಳೆದಿದ್ದಾನೆ. ಈ ಪಕ್ಷಕ್ಕೆ ಎದುರು ಮಾತಿಲ್ಲ, ಪ್ರಬಂಧಕಾರ ಕೈಮುಗಿಯುತ್ತಾನೆ. ಆದರೆ ಅನುಷ್ಠಾನದ ತೊಡಕನ್ನು ಹೇಳಲೇಬೇಕು. ಆ ದಿಗಂಬರ ಮೂರ್ತಿಯನ್ನು ನೋಡಲು ಚಪ್ಪಲಿ ಬಿಟ್ಟು 600ಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು. ಬಿಸಿಲಿಗೆ ಬಂಡೆ ಕಾಯುತ್ತದೆ. ಆದಕಾರಣ ಬೆಟ್ಟದ ಬುಡದಲ್ಲಿ ಕಾಲುಚೀಲದ ವ್ಯಾಪಾರ. ಸರ್ವವನ್ನೂ ತ್ಯಜಿಸಿದವನ ದರ್ಶನಕ್ಕೆ ನಾವು ಹೊಸದಾಗಿ ಒಂದು ಜೊತೆ ಬಟ್ಟೆ ಕೊಂಡು ಹತ್ತುತ್ತೇವೆ, ಮೇಲೆ ಹೋಗಿ ಸೆಲ್ಫಿಯಲ್ಲಿ ಕಾಲು ಕಾಣದಂತೆ ನಿಲ್ಲುತ್ತೇವೆ.

ಫಲಶ್ರುತಿ

ಈ ಶಾಸ್ತ್ರವನ್ನು ಮಳೆಗಾಲದಲ್ಲಿ ಓದಿದವನು ಕೊಡೆ ಮರೆಯನು. ಚಳಿಗಾಲದಲ್ಲಿ ಓದಿದವನಿಗೆ ಟ್ರಂಕಿನ ತಳದಿಂದ ಸ್ವೆಟರ್ ದೊರಕುವುದು. ಬೈಕ್ ಹತ್ತುವ ಮೊದಲು ಓದಿದವನು ದೀರ್ಘಾಯುವಾಗುವನು, ಆದರೆ ಹೆಲ್ಮೆಟ್ಟನ್ನು ತಲೆಗೇ ಹಾಕಿಕೊಂಡಿರತಕ್ಕದ್ದು. ಪ್ರತಿಯೊಂದು ಮುಹೂರ್ತಕ್ಕೆ ಮುನ್ನ ದಂಪತಿಗಳು ಇದನ್ನು ಒಟ್ಟಿಗೆ ಓದಿದರೆ ಒಂದು ಸೀರೆಯ ಹಣ ಉಳಿಯುವುದೆಂದು ಹೇಳಬೇಕೆಂದಿತ್ತು. ದೊಡ್ಡಮ್ಮ ಬದುಕಿರುವವರೆಗೆ ಅಂಥ ಭರವಸೆ ಕೊಡುವಂತಿಲ್ಲ.

ಎಂಟನೆಯ ಪ್ರಕರಣದಲ್ಲಿ ಚಪ್ಪಲಿಯ ವಿಚಾರವೂ ಬರಬೇಕಾಗಿತ್ತು. ಆದರೆ ನಾಳೆ ಅರಕಲಗೂಡಿನಲ್ಲಿ ಮುಹೂರ್ತವಿದೆ, ಪ್ರಬಂಧಕಾರನ ಬಿಳಿ ಶರ್ಟು ಇಸ್ತ್ರಿಯವನ ಹತ್ತಿರ ಇದೆ, ಅವನು ಎಂಟು ಗಂಟೆಗೆ ಅಂಗಡಿಯ ಬಾಗಿಲು ಹಾಕುತ್ತಾನೆ.