ಪಿನ್ನಪ್ಪಾ, ಖರೇ ಹೇಳು

ಮೊಬೈಲ್ ಸ್ಟಾರ್ಟರ್ ಬಂದ ಮೇಲೆ ನಮ್ಮ ಹಾನಗಲ್ ಕಡೆ ರಾತ್ರಿ ತ್ರೀ ಫೇಸ್ ಕರೆಂಟಿಗಾಗಿ ಕಂಬಳಿ ಹೊದ್ದು ಹೊಲಕ್ಕೆ ಓಡುವವರು ಕಡಿಮೆ. ಮಲಗಿದಲ್ಲಿಂದಲೇ ರಿಂಗ್ ಕೊಟ್ಟರಾಯಿತು. ಇಷ್ಟಕ್ಕೇ ಸುಮ್ಮನಿದ್ದರೆ ನಮ್ಮ ಹುಡುಗರು ಇಂಜಿನಿಯರಿಂಗ್ ಓದಿ ಏನು ಬಂತು? ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರು, ರಿಲೇ ಬೋರ್ಡು ತಂದು ತಾವೇ ಸ್ಟಾರ್ಟರ್ ಕಟ್ಟುತ್ತಾರೆ. ಆಮೇಲೆ ಸವಣೂರಿನ ಎಲೆ ತೋಟದಲ್ಲಿ ಇಂಥ ಮಾತು ಕಿವಿಗೆ ಬೀಳುತ್ತದೆ:

“ಮೋಟಾರ್ ಚಾಲೂ ಐತೇನಲೇ?”

“ಐತಿ ಕಾಕಾ, ಸ್ಕ್ರೀನ್ ಮ್ಯಾಲೆ ಆನ್ ಅಂತ ತೋರಸಾಕತ್ತೈತಿ ನೋಡು.”

“ಸ್ಕ್ರೀನಿನ್ಯಾಗ ಚಾಲೂ ಆದ್ರ ಬಳ್ಳಿಗೇನು ಬಂತಲೇ?”

ಕಾಕಾನದೇ ಸರಿ. ಆ ಪ್ರೋಗ್ರಾಂ ರಿಲೇಗೆ ಹುಕುಂ ಒಯ್ಯುವ ಪೈಯ ಪಿನ್ನನ್ನು ಕೇಳಿಯೇ ಇಲ್ಲ. ತಾನು ಕೊಟ್ಟ ಹುಕುಂ ನೆನಪಿಟ್ಟುಕೊಂಡು ಅದನ್ನೇ ಒಪ್ಪಿಸುತ್ತಿದೆ. ಪತ್ರ ಜಾವಕ ಆಯಿತು, ಅಂದಮೇಲೆ ಕೆಲಸವೂ ಆಯಿತು ಎನ್ನುವ ಗುಮಾಸ್ತನ ಹಾಗೆ.

ಪಾಪ, ಚಿಪ್ಪಿನದೇನೂ ತಪ್ಪಿಲ್ಲ. 2012ರ ಮೊದಲ ಪೈಯಲ್ಲಿದ್ದ ಬಿಸಿಎಂ2835 ಚಿಪ್ಪಿನಲ್ಲಿ ಪಿನ್ ಏರಿಸಲು ಒಂದು ರಿಜಿಸ್ಟರ್, ಇಳಿಸಲು ಒಂದು, ಈಗ ಹೇಗಿದೆ ನೋಡಲು ಮತ್ತೊಂದು. ಮೂರನೆಯದನ್ನು ಓದಿದರೆ ಪಿನ್ನಿನ ನಿಜಸ್ಥಿತಿ ಸಿಗುತ್ತದೆ, ಅದು ಔಟ್‌ಪುಟ್ ಆಗಿದ್ದರೂ.

ಆದರೆ ಸಾಮಾನ್ಯ ಪ್ರೋಗ್ರಾಂ ಸೀದಾ ಅಲ್ಲಿಗೆ ಕೈ ಹಾಕುವುದು ಶಿಸ್ತಲ್ಲ. ಪೈಯನ್ನು ನಡೆಸುವ ಲಿನಕ್ಸ್ ಕರ್ನಲ್ಲಿನ ಮೂಲಕ ಅರ್ಜಿ ಹೋಗುವುದು ರಿವಾಜು. ಇಂಥ ಪಿನ್ನುಗಳಿಗೆ ಅಲ್ಲಿ ಜಿಪಿಐಒ ಅಂತ ಹೆಸರು. 2016ರ 4.8ನೇ ಆವೃತ್ತಿಯಿಂದ ಅದಕ್ಕೆ ಜಿಪಿಐಒ ಚಿಪ್ ಎಂಬ ಹೊಸ ಬಾಗಿಲೂ ಇದೆ. ಕರ್ನಲ್ಲಿನ ಹಳೆಯ ಕೈಪಿಡಿಯ ನಿಯಮವಂತೂ ಭಲೇ: ಔಟ್‌ಪುಟ್ ಪಿನ್ನನ್ನು ಓದಲಾಗದ ಯಂತ್ರಗಳು ಯಾವಾಗಲೂ ಸೊನ್ನೆ ಅಂತಲೇ ಹೇಳಬೇಕು. ಗೊತ್ತಿಲ್ಲ ಅನ್ನೋದಕ್ಕಿಂತ ಇಲ್ಲ ಅಂದುಬಿಡೋದು ಮರ್ಯಾದೆ!

ಶಿಗ್ಗಾಂವಿಯ ಇನ್ನೊಬ್ಬ ಜಾಣ ಟರ್ಮಿನಲ್ಲಿನಲ್ಲಿ ‘ಜಿಪಿಐಒಗೆಟ್’ ಎಂದು ಹೊಡೆದು ವಿಚಾರಿಸಿದನೆನ್ನಿ. ಬೇರೆ ಪ್ರೋಗ್ರಾಂ ಆ ಪಿನ್ ಹಿಡಿದಿದ್ದರೆ ‘ಬಿಜಿ’ ಅಂತ ವಾಪಸ್ ಕಳಿಸುತ್ತದೆ. ಯಾರೂ ಹಿಡಿದಿಲ್ಲವೋ, ಆ ಕಮಾಂಡು ಓದುವ ಮೊದಲೇ ಪಿನ್ನನ್ನು ಇನ್‌ಪುಟ್ ಮಾಡಿಬಿಡುತ್ತದೆ. ರಿಲೇ ಟಕ್ ಅಂತ ಬಿಟ್ಟುಕೊಳ್ಳುತ್ತದೆ, ಬೋರ್ಡಿನ ಕೆಂಪು ದೀಪ ಆರುತ್ತದೆ. ಚಾಲೂ ಐತೇನು ಅಂತ ಕೇಳಿದ್ದೇ ತಡ, ಮೋಟಾರ್ ಬಂದ್! ಆ ಕಮಾಂಡಿನ ಎರಡನೇ ಆವೃತ್ತಿಯಲ್ಲಿ ಇದ್ದಂತೆಯೇ ಓದು ಎನ್ನುವ ‘ಆ್ಯಸ್-ಈಸ್’ ಆಯ್ಕೆ ಇದೆ. ಅದಕ್ಕಿಂತ, ಪಿನ್ ಹಿಡಿದ ಪ್ರೋಗ್ರಾಮೇ ತನ್ನ ಪಿನ್ನನ್ನು ಓದಿ ಹೇಳುವುದು ಮೇಲು.

ಅದರ ಮೇಲೆ ರಿಲೇ ಬೋರ್ಡಿನ ತಕರಾರು ಬೇರೆ. ಎಷ್ಟೋ ಬೋರ್ಡುಗಳಿಗೆ ಸೊನ್ನೆ ಕೊಟ್ಟರೆ ಚಾಲೂ, ಒಂದು ಕೊಟ್ಟರೆ ಬಂದ್. ಅದೂ ಗೊತ್ತಿಲ್ಲದ ಪ್ರೋಗ್ರಾಂ ಸರ್ವಜ್ಞನ ಸೀಮೆಯಾದ ಹಿರೇಕೆರೂರಿಗೇ ಹೋಗಿ, ಗೋವಿನಜೋಳದ ಹೊಲದಲ್ಲಿ ನಿಂತು ‘ನನಗೆಲ್ಲ ಗೊತ್ತು’ ಅಂದರೆ ನಡೆದೀತೇ?

ಇಷ್ಟೆಲ್ಲ ಮಾಡಿ ಪಿನ್ ಖರೇ ಹೇಳಿತು ಅನ್ನಿ. ಅದು ಹೇಳೋದು ತನ್ನ 3.3 ವೋಲ್ಟಿನ ಸುದ್ದಿ ಮಾತ್ರ. ಅದರಾಚೆ ರಿಲೇ, ಕಾಂಟ್ಯಾಕ್ಟರು, ಫ್ಯೂಜು, ಮೋಟಾರು, ಬೋರು. ಅವುಗಳ ಸುದ್ದಿಯೂ ಬೇಕೆಂದರೆ ಕಾಂಟ್ಯಾಕ್ಟರಿನ ಆಕ್ಸಿಲರಿ ಕಾಂಟ್ಯಾಕ್ಟಿನಿಂದ ಒಂದು ಇನ್‌ಪುಟ್ ಪಿನ್ನಿಗೆ ವೈರ್ ಎಳೆಯಿರಿ, ನಡುವೆ ಆಪ್ಟೋಕಪ್ಲರ್ ಇರಲಿ. ಪೈಪಿಗೊಂದು ಫ್ಲೋ ಸ್ವಿಚ್ ಕೂಡಿಸಿದರೆ ನೀರಿನ ಸಾಕ್ಷಿಯೂ ಸಿಕ್ಕಿತು. ಈಗಿನ ಪೈಗೆ ಸಾಲಾಗಿ 40 ಪಿನ್ನುಗಳಿವೆ. ಹುಕುಂ ಕೊಡಲಿಕ್ಕೆ ಒಂದು ಮೀಸಲಿಟ್ಟವರಿಗೆ ವರದಿ ಕೇಳಲಿಕ್ಕೆ ಇನ್ನೊಂದೆರಡು ಇಡಲು ಅದೆಂಥ ಜಿಪುಣತನ?